ಕೆಂಚನ ಕಿವಿ

ಆಷಾಢದ ಗಾಳಿ ಅಡಗಿ, ಶ್ರಾವಣದ ಮೊದಲ ಮಳೆ ನೆಲ ನೆನೆಯುವಷ್ಟು ಬಿದ್ದು ಬಿಸಿಲು ಬಿಟ್ಟಿತ್ತು. ದಂಡಿನಶಿವರದ ಸುತ್ತಿನ ಹೊಲಗಳಲ್ಲಿ ರಾಗಿ ಪೈರು ಗೇಣುದ್ದ ಎದ್ದಿತ್ತು. ಅದರ ಜೊತೆಗೆ, ಅದಕ್ಕಿಂತ ಒಂದು ಬೆರಳು ಹೆಚ್ಚೇ ಎನ್ನುವಂತೆ, ಕಳೆಯೂ ಎದ್ದಿತ್ತು. ಈ ಹದದಲ್ಲಿ ಸಾಲಿನ ನಡುವೆ ಕುಂಟೆ ಹಾಯಿಸಿದರೆ ಕಳೆ ಬೇರು ಮೇಲಾಗಿ ಬಿದ್ದು ಒಣಗುತ್ತದೆ, ರಾಗಿ ಬುಡದಿಂದ ಹೊಸ ತೆಂಡೆ ಒಡೆದು ಹರಡಿಕೊಳ್ಳುತ್ತದೆ. ಹದ ಕಳೆದರೆ ಆಮೇಲೆ ಸೊಂಟ ಬಗ್ಗಿಸಿ ಕೈಯಲ್ಲೇ ಕೀಳಬೇಕು. ಹಾಗಾಗಿ ಹುಚ್ಚಣ್ಣ ಹೊತ್ತು ಮೂಡುವ ಮುಂಚೆಯೇ ಹೊಲಕ್ಕೆ ಬಂದು ಕುಂಟೆ ಹಿಡಿದಿದ್ದ.

ನೊಗದ ಈ ಕೊನೆಗೆ ಅವನ ಎತ್ತು ಕೆಂಚ. ಆ ಕೊನೆಗೆ ಪಕ್ಕದ ಹೊಲದ ಗಂಗರಾಜುವಿನ ಎತ್ತು ದೊರೆ. ಜೋಡೆತ್ತು ಸಾಕುವಷ್ಟು ಹುಲ್ಲು ಇಬ್ಬರಿಗೂ ಇರಲಿಲ್ಲ. ಎತ್ತಿಲ್ಲದೆ ನಡೆಯುವಂತೆಯೂ ಇರಲಿಲ್ಲ. ಟ್ರ್ಯಾಕ್ಟರು ತೆಂಗಿನ ತೋಟಕ್ಕೆ ಇಳಿದರೆ ಬೇರು ಕುಯ್ಯುತ್ತದೆ, ರಾಗಿ ಸಾಲಿಗೆ ಇಳಿದರೆ ಪೈರನ್ನೇ ತುಳಿಯುತ್ತದೆ. ಅದಕ್ಕೇ ಒಬ್ಬೊಬ್ಬರೂ ಒಂದೊಂದು ಎತ್ತು ಕಟ್ಟಿಕೊಂಡು, ಹೊಲದ ಕೆಲಸ ಬಂದಾಗ ಎರಡನ್ನೂ ಒಂದೇ ನೊಗಕ್ಕೆ ಹೂಡಿ, ಮೊದಲು ಒಬ್ಬರದು, ಆಮೇಲೆ ಇನ್ನೊಬ್ಬರದು ಎಂದು ಮುಯ್ಯಿಗೆ ಗೇಯುತ್ತಿದ್ದರು. ಗಂಗರಾಜುವಿನ ಅಪ್ಪ ಇದ್ದಾಗಿನಿಂದ ನಡೆದುಬಂದ ಜೊತೆ ಇದು. ಹೊಲಕ್ಕೆ ಹೊಲ, ದಿನಕ್ಕೆ ದಿನ. ಒಮ್ಮೆಯೂ ಮಾತು ಬಂದಿದ್ದಿಲ್ಲ.

ಈ ಸಲ ಹುಚ್ಚಣ್ಣನ ರಾಗಿ ಮೊದಲು ಬಿತ್ತಿದ್ದಾದ್ದರಿಂದ ಅವನ ಹೊಲದ ಸರದಿ ಮೊದಲು. ಅದು ಮುಗಿದ ಮೇಲೆ ಗಂಗರಾಜುವಿನದು.

ಹಳೆಯ ಜೊತೆ ಹೀಗಿರಲಿಲ್ಲ. ಗಂಗರಾಜುವಿನ ಮುದಿ ಎತ್ತು ಬೆಳ್ಳ, ಕೆಂಚ, ಇಬ್ಬರೂ ಒಂದೇ ಎತ್ತರ, ಒಂದೇ ನಡಿಗೆ. ಯುಗಾದಿಯ ಹಿಂದೆ ಬೆಳ್ಳ ಹೊಟ್ಟೆಯುಬ್ಬರ ಬಂದು ಸತ್ತಿತು. ಗಂಗರಾಜು ಅರಸೀಕೆರೆ ಕಡೆ ಹೋಗಿ ಒಂದು ಹಳ್ಳಿಕಾರ್ ಎತ್ತು ಹೊಡೆದುಕೊಂಡು ಬಂದ. ಬೂದು ಮೈ, ನೀಳ ಕೊಂಬು, ನಿಂತರೆ ಊರಿನವರು ತಿರುಗಿ ನೋಡುವ ಹಾಗಿನ ಎತ್ತು. ಕೆಂಚನ ಪಕ್ಕ ನಿಂತಾಗ ಮಾತ್ರ ತಮ್ಮನ ಪಕ್ಕ ಅಣ್ಣ ನಿಂತ ಹಾಗೆ ಕಾಣುತ್ತಿತ್ತು. ನೊಗ ದೊರೆಯ ಕಡೆ ಏರಿ ಕೆಂಚನ ಕಡೆ ಇಳಿದಿರುತ್ತಿತ್ತು. ಹಿಂದೆ ಕುಂಟೆ ಹಿಡಿದು ನಡೆಯುವ ಹುಚ್ಚಣ್ಣನ ಕಣ್ಣೆದುರಿಗೇ ಅದು ದಿನವೂ ಇಳಿದೇ ಇರುತ್ತಿತ್ತು.

ಹೊತ್ತು ನೆತ್ತಿಗೆ ಬಂದಾಗ ಎತ್ತು ಬಿಟ್ಟರು. ಹುಚ್ಚಣ್ಣನ ಹೆಂಡತಿ ಹೊಂಬಾಳಮ್ಮ ಮುದ್ದೆ ಬುತ್ತಿ ತಂದಿದ್ದಳು. ಗಂಗರಾಜುವೂ ಬದುವಿನ ಮೇಲೆ ಬಂದು ಕುಳಿತ. ಕೆಂಚ ತೆಂಗಿನ ನೆರಳಿಗೆ ಹೋಗಿ ಮುಂಗಾಲು ಮಡಿಸಿ ಮಲಗಿತು.

"ನಿಮ್ಮ ಡಾಕ್ಟ್ರು ಇನ್ನೂ ಬಂದಿಲ್ವಲ್ಲ ಅತ್ತೆ," ಎಂದ ಗಂಗರಾಜು.

"ಬತ್ತದೆ ಇರು. ಅದಕ್ಕೇನು ನಿನ್ನಂಗೆ ಬೈಕ್ ಐತಾ?" ಎಂದಳು ಹೊಂಬಾಳಮ್ಮ.

ಡಾಕ್ಟರು ಎಂದರೆ ಒಂದು ಕಾಗೆ. ಬೂದು ಕೊರಳಿನ, ಕೊಕ್ಕಿನ ತುದಿ ತುಸು ಸೊಟ್ಟಗಿದ್ದ ಕಾಗೆ. ಕೆಂಚ ಮಲಗಿತೆಂದರೆ ಎಲ್ಲಿಂದಲೋ ಇಳಿದು, ಬೆನ್ನ ಮೇಲೆ ಕುಪ್ಪಳಿಸಿ, ಕೊಂಬಿನ ಬುಡಕ್ಕೆ ಬಂದು ಕೂರುತ್ತಿತ್ತು. ಆಗ ಕೆಂಚ ತಾನಾಗಿಯೇ ತಲೆ ಓರೆ ಮಾಡಿ ಕಿವಿ ತಿರುಗಿಸಿ ಕೊಡುತ್ತಿತ್ತು. ಕಾಗೆ ಆ ಕಿವಿಯೊಳಗೆ ತಲೆ ತೂರಿಸಿ, ರಕ್ತ ಕುಡಿದು ಹುಣಸೆಬೀಜದಂತೆ ಊದಿಕೊಂಡ ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ನುಂಗುತ್ತಿತ್ತು. ಒಂದು ಕಿವಿ ಮುಗಿದರೆ ಕೆಂಚ ಕತ್ತು ಹೊರಳಿಸಿ ಇನ್ನೊಂದು ಕಿವಿ ಕೊಡುತ್ತಿತ್ತು. ಕಣ್ಣು ಅರೆ ಮುಚ್ಚಿ, ಮೆಲುಕು ಸಹ ನಿಲ್ಲಿಸಿಬಿಡುತ್ತಿತ್ತು. ಅದರ ಹೊಟ್ಟೆ ತುಂಬಿತು, ಇದರ ನವೆ ಹೋಯಿತು. ಇದಕ್ಕೆ ಯಾರೂ ಕಲಿಸಿದ್ದಲ್ಲ, ಯಾರೂ ಕರೆದಿದ್ದೂ ಅಲ್ಲ.

ಅವತ್ತೂ ಕಾಗೆ ಬಂದು ಎರಡೂ ಕಿವಿ ನೋಡಿತು. ಆದರೆ ಹಾರಿ ಹೋಗಲಿಲ್ಲ. ಹೆಗಲಿಗೆ ಇಳಿದು, ನೊಗ ಕೂರುವ ಜಾಗದಲ್ಲಿ ಕೊಕ್ಕು ಇಟ್ಟು ಒಂದು ಸಲ ಕುಕ್ಕಿತು. ಕೆಂಚನ ಚರ್ಮ ಅದುರಿತು. ಮತ್ತೆ ಕುಕ್ಕಿತು. ಕೆಂಚ ಬಾಲ ಬೀಸಿತು, ಏಳಲಿಲ್ಲ.

ಹುಚ್ಚಣ್ಣ ತುತ್ತು ಬಿಟ್ಟು ಓಡಿದ. ಕೆಂಚನ ಹೆಗಲ ಮೇಲೆ ವೀಳ್ಯದೆಲೆಯಷ್ಟು ಜಾಗದಲ್ಲಿ ಕೂದಲು ಹೋಗಿ, ನಡುವೆ ಹಸಿ ಮಾಂಸ ಕಾಣುತ್ತಿತ್ತು.

"ನೋಡ್ದಾ ಮಾವ, ಕಾಗೆ ಮಾಡಿರೋ ಕೆಲ್ಸವ?" ಎಂದು ಗಂಗರಾಜು ಹಿಂದೆಯೇ ಬಂದ. "ಕಿವಿ ಕೊಟ್ಟಿದ್ದಕ್ಕೆ ಕತ್ತೇ ಕೇಳ್ತದೆ."

"ಹೂಂ ಕಣ್ಲಾ. ಕಾಗೇದೇ ಕೆಲ್ಸ," ಎಂದ ಹುಚ್ಚಣ್ಣ. ಬಹಳ ಬೇಗ ಎಂದುಬಿಟ್ಟ. ಎಂದ ಮೇಲೆ ಎದೆಯೂ ಸ್ವಲ್ಪ ಹಗುರಾಯಿತು. ಕಾಗೆಯದಾದರೆ ಕಾಗೆಯನ್ನು ಓಡಿಸಿದರೆ ಮುಗಿಯಿತು. ಕಾಗೆಯದಲ್ಲ ಎಂದರೆ ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಅವನು ಮನಸ್ಸಿನಲ್ಲೂ ಪೂರ್ತಿ ಆಡಿಕೊಳ್ಳಲಿಲ್ಲ.

ಸಂಜೆ ಹೊಂಬಾಳಮ್ಮ ಬಿಸಿನೀರಿನಲ್ಲಿ ಗಾಯ ತೊಳೆದು, ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಕೇಳಿದಳು: "ಅಲ್ಲ, ಈ ಕಾಗೆ ಏನು ಇವತ್ತು ಬಂದಿದ್ದಾ? ಇಷ್ಟು ದಿನ ಮಾಡ್ದೇ ಇದ್ದಿದ್ದ ಈಗ್ಯಾಕೆ ಮಾಡ್ತು?"

"ಕಾಗೆ ಬುದ್ಧಿ ನಂಗೇನು ಗೊತ್ತು?"

"ಗಾಯ ಇತ್ತು ಅಂತ ಕುಕ್ತೋ, ಕುಕ್ಕಿದ್ದಕ್ಕೆ ಗಾಯ ಆಯ್ತೋ?"

"ನೀನೊಬ್ಬಳು ಲಾಯರು. ಎಣ್ಣೆ ಹಚ್ಚೇ ಸುಮ್ಕೆ."



ಮಾರನೆಯ ದಿನ ಮಧ್ಯಾಹ್ನ ಹುಚ್ಚಣ್ಣ ಬುತ್ತಿ ಬಿಚ್ಚದೆ ಕಾದು ಕುಳಿತ. ಕಾಗೆ ಎಂದಿನಂತೆ ಬಂತು. ಕೆಂಚ ಎಂದಿನಂತೆ ತಲೆ ಓರೆ ಮಾಡಿ ಕಿವಿ ಕೊಟ್ಟಿತು. ಕಾಗೆಯ ತಲೆ ಪೂರ್ತಿ ಕಿವಿಯೊಳಗೆ ಹೋದ ಹೊತ್ತು ನೋಡಿ ಹುಚ್ಚಣ್ಣ ಕಾಲ ಬಳಿ ಉದುರಿ ಬಿದ್ದಿದ್ದ ಒಂದು ತೆಂಗಿನ ಮಿಡಿ ಎತ್ತಿ ಬೀಸಿದ. ಹುಡುಗನಾಗಿದ್ದಾಗ ಮಾವಿನ ತೋಪಿನಲ್ಲಿ ಪಳಗಿದ ಕೈ; ಗುರಿ ತಪ್ಪಲಿಲ್ಲ. ಕಾಗೆ ಕೆಂಚನ ಮುಖದ ಮುಂದೆಯೇ ಬಿದ್ದು, ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತಾ ಕತ್ತಾಳೆ ಬೇಲಿಯೊಳಗೆ ತೂರಿಕೊಂಡಿತು.

ಕೆಂಚ ದಡಬಡ ಎದ್ದು ನಿಂತಿತು. ಕಾಗೆ ಹೋದ ಬೇಲಿಯ ಕಡೆ ನೋಡಿತು, ಹುಚ್ಚಣ್ಣನ ಕಡೆ ನೋಡಿತು. ಎತ್ತು ನೋಡುವುದು ಎಂದರೇನು, ಸುಮ್ಮನೆ ಕಣ್ಣು ತಿರುಗಿಸಿದ್ದು. ಆದರೂ ಹುಚ್ಚಣ್ಣ ಆಚೆ ಮುಖ ಮಾಡಿದ.

ಅಷ್ಟರಲ್ಲಿ ಎಲ್ಲಿದ್ದವೋ, ತೋಟದ ಕಾಗೆಗಳೆಲ್ಲ ಬಂದು ನೆತ್ತಿಯ ಮೇಲೆ ಕವಿದುಕೊಂಡವು. ಅರಚಾಟಕ್ಕೆ ಕಿವಿ ಕಿತ್ತುಹೋಗಬೇಕು. ಒಂದು ಬಂದು ಅವನ ಟವೆಲ್ಲನ್ನೇ ಕೊಕ್ಕಿನಲ್ಲಿ ಎಳೆಯಿತು.

ಅಲ್ಲಿಂದ ಶುರುವಾಯಿತು. ಮನೆ ಬಾಗಿಲು ದಾಟಿದರೆ ಸಾಕು, ತೊಲೆಯ ಮೇಲೆ ಕುಳಿತ ಒಂದು ಕಾಗೆ ಕೂಗುತ್ತಿತ್ತು. ಆ ಕೂಗಿಗೆ ನಾಲ್ಕು ಸೇರುತ್ತಿದ್ದವು. ಡೈರಿಗೆ ಹಾಲು ಹಾಕಲು ಹೋದರೆ ಡೈರಿಯವರೆಗೂ ಜೊತೆ. ನೆತ್ತಿಗೆ ಎರಗಿ ಎರಗಿ ಹೋಗುತ್ತಿದ್ದವು. ಪಕ್ಕದಲ್ಲೇ ನಡೆಯುವವರನ್ನು ಮುಟ್ಟುತ್ತಿರಲಿಲ್ಲ, ಅವನೊಬ್ಬನನ್ನೇ. ಹುಚ್ಚಣ್ಣ ಒಳ್ಳೇ ಬಿಸಿಲಿನಲ್ಲಿ ಛತ್ರಿ ಬಿಚ್ಚಿಕೊಂಡು ಓಡಾಡತೊಡಗಿದ.

"ಏನ್ ಹುಚ್ಚಣ್ಣ, ಮೆರವಣಿಗೆ ಜೋರಾಗೈತೆ!" ಎಂದಳು ಗಂಗರಾಜುವಿನ ಅವ್ವ ಓಬಮ್ಮ, ಜಗಲಿಯ ಮೇಲೆ ಕುಳಿತು. "ಓಲಗ ಒಂದು ಕಮ್ಮಿ ನೋಡು."

"ನಗು ಓಬಕ್ಕ, ನಗು. ನಿನ್ನ ತಲೆ ಮ್ಯಾಲೆ ಬರ್ಲಿ, ಆಗ ಗೊತ್ತಾಯ್ತದೆ."

"ನನ್ನ ತಲೆಗ್ಯಾಕೆ ಬತ್ತವೆ? ನಾನೇನು ಅವ್ರ ಮನೆಯೋರಿಗೆ ಹೊಡೆದಿದ್ದೀನಾ?"

ಹೊಂಬಾಳಮ್ಮ ದಿನವೂ ಬೇಲಿಯ ಬುಡದಲ್ಲಿ ಒಂದು ತುಂಡು ಮುದ್ದೆ, ಒಂದು ಚಿಪ್ಪಿನಲ್ಲಿ ನೀರು ಇಟ್ಟು ಬರುತ್ತಿದ್ದಳು. ಸೊಟ್ಟ ಕೊಕ್ಕಿನ ಕಾಗೆ ಸತ್ತಿರಲಿಲ್ಲ. ಹಾರಲಾರದೆ ಬೇಲಿಯ ನೆರಳಿನಲ್ಲಿ ಕುಪ್ಪಳಿಸುತ್ತಿತ್ತು.

ಕೆಂಚನ ಹತ್ತಿರ ಮಾತ್ರ ಒಂದು ಕಾಗೆಯೂ ಸುಳಿಯಲಿಲ್ಲ. ಹುಚ್ಚಣ್ಣನ ಹೊಲದ ಕೆಲಸ ನಡೆದೇ ಇತ್ತು. ಬೆಳಿಗ್ಗೆ ಹೂಡುವ ಮುಂಚೆ ಗಾಯದ ಮೇಲೆ ಹಳೆ ಗೋಣಿಯ ತುಂಡು ಮಡಿಸಿ ಇಡುತ್ತಿದ್ದ. ಸಂಜೆ ಅದನ್ನು ತೆಗೆದಾಗ ಗೋಣಿ ಒದ್ದೆಯಾಗಿ ಅಂಟಿರುತ್ತಿತ್ತು. "ಒಣಗ್ತಾ ಐತೆ," ಎಂದು ಹೆಂಡತಿಗೆ ಹೇಳುತ್ತಿದ್ದ. ಒಣಗುತ್ತಿರಲಿಲ್ಲ.

ಹೊಲ ಮುಗಿದ ಸಂಜೆ ಕೊಟ್ಟಿಗೆಯಲ್ಲಿ ಕೆಂಚ ಒಂದೇ ಸಮನೆ ತಲೆ ಕೊಡವುತ್ತಿತ್ತು. ಕಿವಿ ಕಂಬಕ್ಕೆ ಉಜ್ಜುತ್ತಿತ್ತು. ಹುಚ್ಚಣ್ಣ ಕಿವಿ ಮಡಿಸಿ ನೋಡಿದರೆ ಒಳಗೆಲ್ಲ ಉಣ್ಣೆ, ಒಂದರ ಪಕ್ಕ ಒಂದು ಕಚ್ಚಿಕೊಂಡು ಕುಳಿತಿದ್ದವು.

"ಡಾಕ್ಟ್ರನ್ನ ಓಡಿಸಿದೋರೇ ಡಾಕ್ಟ್ರಿಕೆ ಮಾಡ್ಬೇಕು," ಎಂದು ಹೊಂಬಾಳಮ್ಮ ಸೀಮೆಎಣ್ಣೆ ಹಾಕಿದ ಚಿಪ್ಪು ತಂದಿಟ್ಟು ಒಳಗೆ ಹೋದಳು.

ಹುಚ್ಚಣ್ಣ ಕುಕ್ಕರುಗಾಲಿನಲ್ಲಿ ಕುಳಿತು ಕಿವಿಗೆ ಕೈ ಹಾಕಿದ. ಕೆಂಚ ತಲೆ ಎಳೆದುಕೊಂಡಿತು. ಮತ್ತೆ ಹಾಕಿದ; ಕೊಂಬು ಬೀಸಿತು. ಕಾಗೆಗೆ ಕೇಳದೆಯೇ ಕೊಡುತ್ತಿದ್ದ ಕಿವಿಯನ್ನು, ಕರುವಾಗಿದ್ದಾಗಿನಿಂದ ಹುಲ್ಲು ಹಾಕಿದ ಯಜಮಾನನಿಗೆ ಕೊಡಲೊಲ್ಲದು. ಒಂದು ಕೈಯಲ್ಲಿ ಕೊಂಬು ತಬ್ಬಿ, ಕತ್ತಿನ ಮೇಲೆ ಕೆನ್ನೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಡಕಬೇಕಾಯಿತು. ದಪ್ಪ ಬೆರಳು, ಕಿತ್ತರೆ ಉಣ್ಣೆಯ ಮೈ ಒಡೆದು ತಲೆ ಒಳಗೇ ಉಳಿಯುತ್ತಿತ್ತು. ಕಾಗೆ ಎಷ್ಟು ಹಗುರವಾಗಿ ಕೀಳುತ್ತಿತ್ತು ಎಂದು ಆಗ ಅವನಿಗೆ ಹೊಳೆಯಿತು.

ಹಾಗೆ ಕತ್ತಿಗೆ ಕೆನ್ನೆ ಹಚ್ಚಿ ಕುಳಿತಾಗ ಹೆಗಲು ಅವನ ಕಣ್ಣಿನಿಂದ ಗೇಣು ದೂರದಲ್ಲಿತ್ತು. ಮೊದಲ ದಿನ ಎಣ್ಣೆ ಹಚ್ಚಿದವಳು ಹೆಂಡತಿ, ಆಮೇಲೆ ಗೋಣಿ ಹೊದಿಸಿದವನು ಅವನು. ಹತ್ತಿರದಿಂದ ನೋಡಿದ್ದೇ ಇಲ್ಲ. ಗಾಯ ಈಗ ಅಂಗೈ ಅಗಲ ಆಗಿತ್ತು. ಕಾಗೆ ಸುಳಿಯದ ದಿನಗಳಲ್ಲೇ ಬೆಳೆದಿತ್ತು. ಮತ್ತೆ ಅದು ಕುಕ್ಕಿದ ಗಾಯದ ಹಾಗೆ ಗುಳಿಯಾಗಿರಲಿಲ್ಲ. ಹೆಗಲಿನಿಂದ ಪಕ್ಕಕ್ಕೆ ಇಳಿಜಾರಾಗಿ, ಮರದಿಂದ ತೇಯ್ದ ಹಾಗೆ ಪಟ್ಟಿಯಾಗಿ ಹರಿದಿತ್ತು. ಪಟ್ಟಿಯ ಅಂಚಿನಲ್ಲಿ ಕೂದಲು ಕೂಡ ಒಂದೇ ಕಡೆಗೆ ಸವೆದಿತ್ತು. ನೊಗದ ಓರೆ ಎಷ್ಟಿತ್ತೋ ಗಾಯದ ಓರೆಯೂ ಅಷ್ಟೇ.

ಹುಚ್ಚಣ್ಣ ಬೆರಳಿನಲ್ಲಿದ್ದ ಉಣ್ಣೆಯನ್ನು ಚಿಪ್ಪಿಗೆ ಹಾಕುವುದನ್ನೂ ಮರೆತು ಕುಳಿತ. ಅವನಿಗೆ ಹೊಸದಾಗಿ ಗೊತ್ತಾದದ್ದು ಏನೂ ಇರಲಿಲ್ಲ. ಕುಂಟೆಯ ಹಿಂದೆ ನಡೆಯುತ್ತಾ ನಡೆಯುತ್ತಾ ಕಂಡಿದ್ದೇ. ಕಂಡಿದ್ದನ್ನು ಕಾಗೆಯ ಮೇಲೆ ಹಾಕಿ, ಕೆಂಚನ ಹೆಗಲ ಮೇಲೆ ತನ್ನ ಹೊಲ ಮುಗಿಸಿಕೊಂಡಿದ್ದ.

ನಾಳೆಯಿಂದ ಗಂಗರಾಜುವಿನ ಹೊಲ. ಎರಡು ಎಕರೆ. ಇವನು ಪಡೆದದ್ದಕ್ಕೆ ಕೊಡಲೇಬೇಕಾದ ಮುಯ್ಯಿ. ಕೆಂಚನನ್ನು ಹೂಡಿದರೆ ಹೆಗಲು ಎಲುಬಿಗೆ ಇಳಿಯುತ್ತದೆ. ಆಮೇಲೆ ಆ ಎತ್ತು ನೊಗ ಕಂಡರೆ ನಡುಗುವ ಎತ್ತಾಗುತ್ತದೆ. ಹೂಡದಿದ್ದರೆ ಬಾಳೆಲ್ಲ ಇದ್ದ ಜೊತೆಗೆ ಎರಡು ಬಗೆದಂತೆ.

ಬೆಳಿಗ್ಗೆ ಛತ್ರಿ ಬಿಚ್ಚಿಕೊಂಡು, ಕಾಗೆಗಳ ಜೊತೆಯಲ್ಲೇ ಗಂಗರಾಜುವಿನ ಮನೆಗೆ ಹೋದ. ಗಂಗರಾಜು ದೊರೆಯ ಮೈ ತಿಕ್ಕುತ್ತಿದ್ದ.

"ಬಾ ಮಾವ. ಕೆಂಚ ಎಲ್ಲಿ?"

"ಕೊಟ್ಟಿಗೇಲೈತೆ. ಅದನ್ನ ಹೂಡಕ್ಕೆ ಆಗಕಿಲ್ಲ ಕಣ್ಲಾ ಗಂಗ. ಗಾಯ ಕಾಗೇದಲ್ಲ. ನೊಗದ್ದು. ನಿನ್ನೆತ್ತು ಎತ್ತರ, ನನ್ನೆತ್ತು ಗಿಡ್ಡ. ಭಾರ ಎಲ್ಲ ಜಾರಿ ಅದರ ಮ್ಯಾಲೇ ಕೂತದೆ."

ಗಂಗರಾಜು ತಿಕ್ಕುತ್ತಿದ್ದ ಕೈ ನಿಲ್ಲಿಸಿದ. ಕೈಯಲ್ಲಿದ್ದ ಹುಲ್ಲಿನ ಸಿಂಬಿ ಬಕೆಟ್ಟಿಗೆ ಹಾಕಿದ. "ಯಾವತ್ತು ಗೊತ್ತಾಯ್ತು ಇದು ನಿಂಗೆ?"

"ನಿನ್ನೆ ಸಂಜೆ."

"ಅಂದ್ರೆ ನಿನ್ನ ಹೊಲ ಮುಗಿದ್ ಮ್ಯಾಲೆ."

ಹುಚ್ಚಣ್ಣ ಛತ್ರಿ ಮಡಿಸಿದ.

"ನಿನ್ನ ಹೊಲದಾಗೆ ಇರೋಗಂಟ ಕಾಗೆ. ನನ್ನ ಹೊಲಕ್ಕೆ ಬರೋ ಹೊತ್ಗೆ ನೊಗ ಆಗೋಯ್ತಾ ಮಾವ?"

"ಲೋ, ಕಾಗೆ ಅಂತ ಮೊದಲು ಅಂದೋನು ನೀನೇ ಅಲ್ವೇನ್ಲಾ," ಎಂದು ಜಗಲಿಯಿಂದ ಓಬಮ್ಮ ಹೇಳಿದಳು.

"ನಾನಂದೆ. ನನ್ನೆತ್ತಿನ ಮ್ಯಾಲೆ ಮಾತು ಬರದು ಬ್ಯಾಡ ಅಂತ ಅಂದೆ. ಇವನ್ಯಾಕೆ ಹೂಂ ಅನ್ಬೇಕಿತ್ತು?"

ಗಂಗರಾಜು ದೊರೆಯನ್ನು ಬಿಚ್ಚಿ ಒಳಗೆ ಕಟ್ಟಿದ. ಹುಚ್ಚಣ್ಣ ಛತ್ರಿ ಬಿಚ್ಚಿಕೊಂಡು ಹೊರಟ.

ಅವನು ಮನೆಗೆ ಹೋಗದೆ ಬಸ್ಸು ಹತ್ತಿ ಮಾಯಸಂದ್ರಕ್ಕೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಮುನಾಫ್ ಎಂಬವನ ವೆಲ್ಡಿಂಗ್ ಶಾಪು. ಹಳೇ ಸೈಕಲ್ಲಿನ ಒಂದು ಚಕ್ರ, ಹಿಂದೆ ಹ್ಯಾಂಡಲ್ಲು, ನಡುವೆ ಒಂದು ಅಲಗು ಕೂರಿಸಿ ಕೈಯಲ್ಲಿ ತಳ್ಳುವ ಸೈಕಲ್ ಕುಂಟೆ ಮಾಡಿ ಬಾಡಿಗೆಗೂ ಕೊಡುತ್ತಿದ್ದ.

"ಎತ್ತು ಇಟ್ಕೊಂಡಿರೋರು ನೀವು. ನಿಮಗ್ಯಾಕಣ್ಣ ಇದು?" ಎಂದ ಮುನಾಫ್.

"ಎತ್ತಿಗೆ ರಜಾ ಕಣಪ್ಪ."

"ಯಾರು ಎಳೆಯೋರು?"

"ನಾನೇ."

ಮುನಾಫ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಅಲಗನ್ನು ಕಲ್ಲಿಗೆ ಹಿಡಿದು ಇನ್ನೊಂದು ಸಲ ಚೂಪು ಮಾಡಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಹುಚ್ಚಣ್ಣ ಗಂಗರಾಜುವಿನ ಹೊಲದಲ್ಲಿದ್ದ. ಹೊಂಬಾಳಮ್ಮ ಚಕ್ರದ ಮುಂದೆ ಹಗ್ಗ ಕಟ್ಟಿ ಹೆಗಲ ಮೇಲೆ ಹಾಕಿಕೊಂಡು ಎಳೆದಳು, ಅವನು ಹಿಂದಿನಿಂದ ತಳ್ಳಿದ. ಜೋಡೆತ್ತು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗಿ ಬರುವಷ್ಟರಲ್ಲಿ ಇವರು ಅರ್ಧ ಸಾಲಿನಲ್ಲಿ ನಿಂತು ಏದುಸಿರು ಬಿಡುತ್ತಿದ್ದರು.

"ನೀನು ಎತ್ತರ, ನಾನು ಗಿಡ್ಡ," ಎಂದಳು ಹೊಂಬಾಳಮ್ಮ ಬೆವರು ಒರೆಸಿಕೊಳ್ಳುತ್ತಾ. "ಭಾರ ಎಲ್ಲ ನನ್ನ ಮ್ಯಾಲೇ ಬೀಳ್ತಾ ಐತೆ."

"ಹಗ್ಗ ಬುಡು ಅತ್ಲಾಗೆ. ನಾನೊಬ್ನೇ ಮಾಡ್ತೀನಿ."

"ಮಾಡ್ತೀಯ, ಮಾಡ್ತೀಯ. ನಡಿ."

ಎರಡನೆಯ ದಿನ ಗಂಗರಾಜು ಬೈಕು ನಿಲ್ಲಿಸಿ ಬದುವಿನ ಮೇಲೆ ನಿಂತು ನೋಡಿದ. ಬೈಕು ಹತ್ತಿ ಹೊರಟುಹೋದ. ಮೂರನೆಯ ದಿನ ಬಂದಾಗ ಕಾಗೆಗಳು ಸಾಲಿನುದ್ದಕ್ಕೂ ಹುಚ್ಚಣ್ಣನ ತಲೆಗೆ ಎರಗುತ್ತಿದ್ದವು. ಎರಡೂ ಕೈ ಹ್ಯಾಂಡಲ್ಲಿನ ಮೇಲೆ ಇದ್ದುದರಿಂದ ಛತ್ರಿ ಹಿಡಿಯುವಂತಿರಲಿಲ್ಲ. ತಲೆಗೆ ಒಂದು ಅಲ್ಯೂಮಿನಿಯಂ ಪಾತ್ರೆ ಬೋರಲು ಹಾಕಿ ಟವೆಲ್ಲಿನಿಂದ ಗದ್ದಕ್ಕೆ ಕಟ್ಟಿಕೊಂಡಿದ್ದ. ಕಾಗೆ ಕುಕ್ಕಿದಾಗಲೆಲ್ಲ ಟಣ್ ಎನ್ನುತ್ತಿತ್ತು.

ಗಂಗರಾಜು ನಗು ತಡೆಯಲು ನೋಡಿದ. ಆಗಲಿಲ್ಲ. ಬದುವಿನ ಮೇಲೆಯೇ ಕುಕ್ಕರಿಸಿ ನಕ್ಕ. ನಕ್ಕು ಮುಗಿಸಿ, ಚಪ್ಪಲಿ ಕಳಚಿಟ್ಟು ಹೊಲಕ್ಕೆ ಇಳಿದು, ಹೊಂಬಾಳಮ್ಮನ ಹೆಗಲಿನಿಂದ ಹಗ್ಗ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ಅತ್ತೆ, ಹೋಗಿ ನೆರಳಲ್ಲಿ ಕೂತ್ಕೋ ಹೋಗು."

ಸಾಲು ಮುಗಿದು ತಿರುವಿನಲ್ಲಿ ನಿಂತಾಗ ಗಂಗರಾಜು ಕೇಳಿದ: "ಹೆಂಗೈತೆ ಕೆಂಚ?"

"ಪಶು ಆಸ್ಪತ್ರೆಯೋರು ಬಂದು ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದವ್ರೆ. ಮೇಲೆ ಪೊರೆ ಕಟ್ತಾ ಐತೆ. ಪೂರ್ತಿ ಮಾಯೋಗಂಟ ನೊಗ ಮುಟ್ಟಿಸ್ಬ್ಯಾಡಿ ಅಂದ್ರು."

"ಉಣ್ಣೆ?"

"ದಿನಾ ನಾನೇ ಕೀಳ್ತೀನಿ. ಈಗ ಒಂದು ಕಿವಿ ಕೊಡ್ತದೆ. ಇನ್ನೊಂದು ಇನ್ನೂ ಕೊಡಕಿಲ್ಲ."

ಗಂಗರಾಜು ಹೂಂ ಎಂದು ಹಗ್ಗ ಬಿಗಿ ಮಾಡಿದ.

ಅವತ್ತು ಅರ್ಧಕ್ಕಿಂತ ಸ್ವಲ್ಪ ಮುಂದಕ್ಕೆ ಬಂದಿದ್ದರು. ಪಡುವಣದಲ್ಲಿ ಕರೀ ಮೋಡ ಕಟ್ಟಿ, ತೆಂಗಿನ ಸೋಗೆಗಳು ಒಂದೇ ಕಡೆಗೆ ಬಾಗಿ, ಮಳೆ ಹೊಲದ ಆಚೆಯಿಂದ ನಡೆದುಕೊಂಡು ಬಂದಂತೆ ಬಂತು. ಮೂವರೂ ಪಂಪ್‌ಸೆಟ್ ಮನೆಯೊಳಗೆ ಓಡಿದರು. ನೋಡುತ್ತಿದ್ದ ಹಾಗೆಯೇ ಸಾಲುಗಳಲ್ಲಿ ನೀರು ನಿಂತಿತು. ಇನ್ನು ವಾರಗಟ್ಟಲೆ ಆ ಕೆಂಪು ಕೆಸರಿನಲ್ಲಿ ಕುಂಟೆ ಇಳಿಯುವುದಿಲ್ಲ. ಅಷ್ಟರಲ್ಲಿ ರಾಗಿ ಸಾಲು ಕೂಡಿಕೊಂಡುಬಿಡುತ್ತದೆ. ಉಳಿದ ಹೊಲ ಉಳಿದಂತೆಯೇ.

ಹುಚ್ಚಣ್ಣ ತಲೆಯ ಮೇಲಿನ ಪಾತ್ರೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. "ಮುಕ್ಕಾಲು ಎಕರೆ ಉಳಿದೋಯ್ತು ಗಂಗ. ಮಳೆ ಬಿಟ್ಟ ಮ್ಯಾಲೆ ನಾನೂ ನಿಮ್ಮತ್ತೇನೂ ಬಂದು ಕೈಯಾಗೆ ಕೀಳ್ತೀವಿ. ತೀರಿಸ್ಬುಡ್ತೀನಿ."

ಗಂಗರಾಜು ಬಾಗಿಲಿಗೆ ಒರಗಿ ಮಳೆ ನೋಡುತ್ತಿದ್ದ.

"ಕಳೆ ನಮ್ಮವ್ವನೂ ನಾನೂ ಕಿತ್ಕೋತೀವಿ. ನೀನು ಬರಬ್ಯಾಡ."

"ಯಾಕ್ಲಾ? ಇನ್ನೂ ಸಿಟ್ಟಾ?"

"ಸಿಟ್ಟು ಇಲ್ದೆ ಇರ್ತದಾ? ಐತೆ," ಎಂದ ಗಂಗರಾಜು. "ಅದಿರ್ಲಿ. ತೋಟ ಉಳಬೇಕು, ಹುರುಳಿ ಬಿತ್ಬೇಕು. ಕೆಂಚನಿಗೆ ವಾಸಿಯಾದ್ ಮ್ಯಾಲೆ ನೊಗ ಯಂಗೆ ಕಟ್ಟೋದು ಅಂತ ಇಬ್ರೂ ಕೂತು ನೋಡ್ಬೇಕು. ನೀನು ಎಲ್ಲಾ ತೀರಿಸ್ಬುಟ್ರೆ ಆಮ್ಯಾಕೆ ನಮ್ಮನೆ ಕಡೆ ಯಾಕೆ ಬತ್ತೀಯ? ಮುಕ್ಕಾಲು ಎಕರೆ ಇರ್ಲಿ ಬುಡು ನಿನ್ನ ಮ್ಯಾಲೆ."

ಹೊಂಬಾಳಮ್ಮ ಬುತ್ತಿಯ ಗಂಟು ಬಿಚ್ಚಿ, ಮೂರು ಮುದ್ದೆಯನ್ನು ನಾಲ್ಕು ಮಾಡಿ, ಒಂದನ್ನು ಬೇಲಿಯ ಕಾಗೆಗೆಂದು ಬದಿಗಿಟ್ಟು, ಉಳಿದದ್ದರಲ್ಲಿ ಮೊದಲನೆಯದನ್ನು ಗಂಗರಾಜುವಿನ ಕೈಗೆ ಹಾಕಿದಳು.